ಅಳಿವೆ, ಮುಖಜಭೂಮಿ, ಕಡಲು: ರಿಸರ್ಚ್ ಮಾಡೋಕೆ ಯಾವ ಫೆಲೋಶಿಪ್ ಹಿಡೀಬೇಕು?

ಎಂಎಸ್ಸಿ ಕೊನೇ ಸೆಮಿಸ್ಟರ್ ಹತ್ರ ಬಂತು ಅಂದ್ರೆ ಜೂನಿಯರ್‌ಗಳ ಫೋನ್ ಶುರು. ಅಕ್ಕಾ, ನೆಟ್ ಪರೀಕ್ಷೆಗೆ ಕೂತ್ಕೊಳ್ಲಾ, ಪ್ರಾಜೆಕ್ಟ್ ಒಂದಕ್ಕೆ ಕರೀತಿದಾರೆ ಸೇರ್ಕೊಳ್ಲಾ, ಯೂರೋಪಿಗೆ ಅಪ್ಲೈ ಮಾಡಿದ್ರೆ ಸಿಗತ್ತಾ. ಎಲ್ಲರೂ ಮೊದಲು ಕೇಳೋದು ತಿಂಗಳಿಗೆ ಎಷ್ಟು ಬರತ್ತೆ ಅಂತ. ಮನೇಲಿ ಕಷ್ಟ ಇರತ್ತೆ, ಅದನ್ನ ಕೇಳೋದು ಸರಿನೇ. ಆದ್ರೆ ಅಳಿವೆ (ನದಿ ಕಡಲು ಸೇರೋ ಜಾಗ), ಕಾಂಡ್ಲ ಕಾಡು (ಮ್ಯಾಂಗ್ರೋವ್), ಮುಖಜಭೂಮಿ (ನದಿ ಬಾಯಲ್ಲಿ ಹೂಳು ಹರಡಿ ಆಗೋ ನೆಲ, ಡೆಲ್ಟಾ), ಕಡಲು ಅಂತ ಕೆಲಸ ಮಾಡೋರು ಅದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳ್ಬೇಕು ಅಂತ ನಾನು ಹೇಳ್ತೀನಿ. ದೋಣಿ ಬಾಡಿಗೆ ಯಾರು ಕೊಡ್ತಾರೆ?

ಇದು ನಾನೇ ಪೆಟ್ಟು ತಿಂದು ಕಲಿತಿದ್ದು. ಮೊದಲು ಸೇರಿದ್ದ ಪ್ರಾಜೆಕ್ಟ್‌ನಲ್ಲಿ ಅಕ್ಟೋಬರ್‌ನಿಂದ ಮೇ ತನಕ ತಿಂಗಳು ತಿಂಗಳು ನೀರು, ಮಣ್ಣು, ಬಳಚು (ಕಪ್ಪೆಚಿಪ್ಪು) ಎಲ್ಲ ಸ್ಯಾಂಪಲ್ ತೆಗೆದೆ, ಮಳೆಗಾಲ ಬರೋ ಹೊತ್ತಿಗೆ ಸರಿಯಾಗಿ ಪ್ರಾಜೆಕ್ಟ್ ಹಣ ನಿಂತೋಯ್ತು, ಮಳೆಗಾಲದ ನಾಲ್ಕು ತಿಂಗಳು ಇಲ್ಲದ ಅಳಿವೆ ಡೇಟಾ ಅಂದ್ರೆ ಅರ್ಧ ಕಥೆ ಅಷ್ಟೇ, ಅದನ್ನ ಪೇಪರ್ ಮಾಡೋಕೂ ಆಗ್ಲಿಲ್ಲ.

ಅದಕ್ಕೇ ಮೊದಲು ಅಳತೆಗೋಲು ಯಾವ್ದು ಅಂತ ನೋಡೋಣ, ಆಮೇಲೆ ಒಂದೊಂದೇ ಫೆಲೋಶಿಪ್.

ಮೊದಲನೇದು ಕಾಲ. ಜುಲೈನಲ್ಲಿ ನೇತ್ರಾವತಿ ಅಳಿವೆಲಿ ಮೇಲಿನ ನೀರು ಹೆಚ್ಚುಕಮ್ಮಿ ಸಿಹಿ, ಏಪ್ರಿಲ್‌ನಲ್ಲಿ ಅದೇ ಜಾಗದಲ್ಲಿ ಬಾಯಿಗೆ ಇಡೋಕಾಗದಷ್ಟು ಉಪ್ಪು. ಮೀನು, ಸಿಗಡಿ, ಪಾಚಿ, ಕೆಸರಲ್ಲಿರೋ ಹುಳ ಎಲ್ಲವೂ ಇದಕ್ಕೆ ತಕ್ಕಂತೆ ಬದಲಾಗತ್ತೆ. ಹಾಗಾಗಿ ಕಮ್ಮಿ ಅಂದ್ರೂ ಪೂರ್ತಿ ಒಂದು ವರ್ಷ, ಆದ್ರೆ ಎರಡು ಮಳೆಗಾಲ ನೋಡೋಕೆ ಬಿಡೋ ಫೆಲೋಶಿಪ್ ಬೇಕು. ಎರಡನೇದು ಫೀಲ್ಡ್ ಖರ್ಚು, ಅಂದ್ರೆ ದೋಣಿ, ಪೆಟ್ರೋಲ್, ಬಾಟಲಿ, ಕೆಮಿಕಲ್, ಲ್ಯಾಬ್ ಟೆಸ್ಟ್. ಮೂರನೇದು ವಿಷಯ ಯಾರದ್ದು, ನಿಮ್ಮದಾ ಗೈಡ್‌ದಾ. ನಾಲ್ಕನೇದು ಒಳಗೆ ಹೋಗೋಕೆ ಏನು ಬೇಕು: ಪರೀಕ್ಷೆನಾ, ರ‍್ಯಾಂಕಾ, ಚೆನ್ನಾಗಿ ಬರೆದ ಪ್ರಪೋಸಲ್ಲಾ. ಇನ್ನೊಂದು ಯಾರೂ ಬಾಯಿಬಿಟ್ಟು ಹೇಳದ್ದು ಇದೆ, ಹಣ ತಡ ಆದ್ರೆ ಎಷ್ಟು ತಿಂಗಳು ತಡ್ಕೊಳ್ತೀರಿ ಅನ್ನೋದು. ಸರ್ಕಾರಿ ಫೆಲೋಶಿಪ್‌ನಲ್ಲಿ ಮೂರು-ನಾಲ್ಕು ತಿಂಗಳು ದುಡ್ಡು ಬರದೆ ಆಮೇಲೆ ಒಟ್ಟಿಗೆ ಬಂದಿದ್ದನ್ನ ತುಂಬಾ ಜನ ನೋಡಿದೀವಿ. ಸಾಲ ಮಾಡಿ ಓದ್ತಿರೋರು ಇದನ್ನ ಮೊದಲೇ ಲೆಕ್ಕ ಹಾಕಿ.

ಸಮ್ಮರ್ ಫೆಲೋಶಿಪ್‌ಗಳಿಂದ ಶುರು ಮಾಡೋಣ, ಡಿಗ್ರಿ ಓದ್ತಿರೋರಿಗೆ ಕೈಗೆ ಸಿಗೋದು ಅವೇ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡೋ ಸಮ್ಮರ್ ರಿಸರ್ಚ್ ಫೆಲೋಶಿಪ್ ಇದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ದೆಹಲಿಯ ಇನ್ಸಾ, ಪ್ರಯಾಗರಾಜ್‌ನ (ಮೊದಲಿನ ಅಲಹಾಬಾದ್) ನಾಸಿ. ಸುಮಾರು ಎರಡು ತಿಂಗಳು ದೇಶದ ಯಾವುದಾದ್ರೂ ಸಂಸ್ಥೆಯ ವಿಜ್ಞಾನಿ ಹತ್ರ ಕೆಲಸ ಮಾಡ್ಬಹುದು, ಸ್ಟೈಪೆಂಡ್ ಬರತ್ತೆ, ಪರೀಕ್ಷೆ ಇಲ್ಲ, ನೀವು ಬರೆದ ಬರಹ ಮತ್ತೆ ಮೇಷ್ಟ್ರ ಶಿಫಾರಸು ಪತ್ರ ನೋಡ್ತಾರೆ. ಹಿಂದಿನ ವರ್ಷದ ಚಳಿಗಾಲಕ್ಕೆ ಮುಂಚೆನೇ ಅರ್ಜಿ ಹಾಕ್ಬೇಕಾಗತ್ತೆ, ಮಾರ್ಚ್‌ನಲ್ಲಿ ನೆನಪಾದ್ರೆ ಆ ವರ್ಷ ಕೈ ತಪ್ಪಿದಂಗೆ.

ಇದ್ರಲ್ಲಿ ಕಡಲಿನವರು ಗಮನಿಸ್ಬೇಕಾದ ಒಂದು ವಿಷಯ ಇದೆ. ನಮ್ಮ ಪಶ್ಚಿಮ ಕರಾವಳಿಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ, ಪೂರ್ವ ಕರಾವಳಿಲಿ ಏಪ್ರಿಲ್ 15ರಿಂದ ಜೂನ್ 14ರ ತನಕ. ಎರಡೂ ಕಡೆ 61 ದಿನ. ನಿಮ್ಮ ಸಮ್ಮರ್ ಫೆಲೋಶಿಪ್ ಬೀಳೋದು ಸರಿಯಾಗಿ ಆ ಹೊತ್ತಿಗೇ. ಟ್ರಾಲ್ ಬೋಟ್ ಮೀನಿನ ಮೇಲೆ ಕೆಲಸ ಅಂತ ಬರೆದು ಜೂನ್‌ನಲ್ಲಿ ಮಲ್ಪೆಗೆ ಹೋದ್ರೆ ಬೋಟೆಲ್ಲ ಕಟ್ಟಿ ನಿಲ್ಸಿರ್ತಾರೆ. ಅದಕ್ಕೆ ಎರಡು ತಿಂಗಳಿಗೆ ಲ್ಯಾಬಲ್ಲಿ ಆಗಲೇ ಇರೋ ಸ್ಯಾಂಪಲ್ ನೋಡೋ ಕೆಲಸ, ಇಲ್ಲಾಂದ್ರೆ ಉಪಗ್ರಹದ ಚಿತ್ರದ ಕೆಲಸ ಕೇಳಿ. ಸೆಂಟಿನೆಲ್-2 ಚಿತ್ರಗಳು 10 ಮೀಟರ್ ಅಳತೆಲಿ 2015ರಿಂದ ಪುಕ್ಕಟೆ ಸಿಗತ್ತೆ, ಲ್ಯಾಂಡ್‌ಸ್ಯಾಟ್ 1972ರಿಂದ ಇದೆ. ಕಾಂಡ್ಲ ಎಲ್ಲಿ ಹೆಚ್ಚಾಯ್ತು ಎಲ್ಲಿ ಕರಗ್ತು, ಅಳಿವೆ ಬಾಗಿಲು ಯಾವ ಕಡೆ ಸರೀತು ಅಂತ ಒಂದು ಲ್ಯಾಪ್‌ಟಾಪಲ್ಲಿ ನೋಡ್ಬಹುದು, ದೋಣಿ ಬೇಕಾಗಲ್ಲ. ಮಳೆಗಾಲದ ಚಿತ್ರದಲ್ಲಿ ಮೋಡ ತುಂಬಿರತ್ತೆ, ಅಷ್ಟೇ ತೊಂದ್ರೆ.

ಆಮೇಲೆ ಪ್ರಾಜೆಕ್ಟ್ ಹುದ್ದೆಗಳು. ಗೋವಾದ ದೋನಾ ಪೌಲಾದಲ್ಲಿರೋ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಅಂದ್ರೆ ಎನ್‌ಐಓ, ಚೆನ್ನೈನ ಕರಾವಳಿ ಸಂಶೋಧನಾ ಕೇಂದ್ರ ಎನ್‌ಸಿಸಿಆರ್, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇಂಕಾಯ್ಸ್, ಕೊಚ್ಚಿಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐ, ಇಂಥ ಕಡೆ ಪ್ರಾಜೆಕ್ಟ್ ಅಸೋಸಿಯೇಟ್ ಅಂತ ತಗೋತಾರೆ. ನೆಟ್ ಅಥವಾ ಗೇಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿದ್ರೆ ಒಂದು ರೇಟು, ಇಲ್ದಿದ್ರೆ ಕಮ್ಮಿ ರೇಟು. ಇದ್ರ ದೊಡ್ಡ ಲಾಭ ಅಂದ್ರೆ ದೋಣಿ ಬಾಡಿಗೆ ನಿಮ್ಮ ತಲೆಬಿಸಿ ಅಲ್ಲ, ಪ್ರಾಜೆಕ್ಟ್ ಬಜೆಟ್‌ನಲ್ಲೇ ಇರತ್ತೆ, ಕೆಲವು ಕಡೆ ಹಡಗಲ್ಲಿ ಕ್ರೂಸ್‌ಗೂ ಹೋಗ್ಬಹುದು, ಒಂದು ಸಲ ಹೋಗಿ ಬಂದೋರು ಕಲಿಯೋದು ಪುಸ್ತಕ ಓದಿ ಬರಲ್ಲ. ಆದ್ರೆ ವಿಷಯ ನಿಮ್ಮದಲ್ಲ, ಡೇಟಾನೂ ನಿಮ್ಮದಲ್ಲ, ಪ್ರಾಜೆಕ್ಟ್ ಮುಗಿದ ದಿನ ನಿಮ್ಮ ಕೆಲಸನೂ ಮುಗೀತು. ಇಂಟರ್‌ವ್ಯೂನಲ್ಲಿ ಸಂಕೋಚ ಇಲ್ದೆ ಮೂರು ಪ್ರಶ್ನೆ ಕೇಳಿ: ಪ್ರಾಜೆಕ್ಟ್ ಇನ್ನೆಷ್ಟು ತಿಂಗಳು ಇದೆ, ಇದ್ರಲ್ಲೇ ಪಿಎಚ್‌ಡಿಗೆ ರಿಜಿಸ್ಟರ್ ಆಗೋಕೆ ಬಿಡ್ತೀರಾ, ನಾನು ತೆಗೆದ ಡೇಟಾದಲ್ಲಿ ನನ್ನ ಹೆಸರಲ್ಲಿ ಪೇಪರ್ ಬರಿಬಹುದಾ. ನಾನು ಆವತ್ತು ಮೊದಲನೇ ಪ್ರಶ್ನೆ ಕೇಳಿದ್ರೆ ಸಾಕಿತ್ತು.

ಹೆಚ್ಚಿನೋರಿಗೆ ಮುಖ್ಯ ದಾರಿ ಜೆಆರ್‌ಎಫ್, ಅಂದ್ರೆ ಜೂನಿಯರ್ ರಿಸರ್ಚ್ ಫೆಲೋಶಿಪ್. ಸಿಎಸ್‌ಐಆರ್-ಯುಜಿಸಿ ನೆಟ್ ಬರೆದು ಜೆಆರ್‌ಎಫ್ ಆದ್ರೆ ಮೊದಲ 2 ವರ್ಷ ತಿಂಗಳಿಗೆ 37,000 ರೂ., ಆಮೇಲೆ ಎಸ್‌ಆರ್‌ಎಫ್ (ಸೀನಿಯರ್) ಆಗಿ 42,000 ರೂ., ಜೊತೆಗೆ ಮನೆ ಬಾಡಿಗೆ ಭತ್ಯೆ. ಇದು 2023ರ ಜನವರಿಯಿಂದ ಬಂದ ದರ. 5 ವರ್ಷ ಪೂರ್ತಿ ಇದ್ರೆ ಭತ್ಯೆ ಬಿಟ್ಟು ಒಟ್ಟು 24 ಲಕ್ಷ. ಈ ಫೆಲೋಶಿಪ್ ನಿಮ್ಮ ಹೆಸರಲ್ಲಿರತ್ತೆ. ನೀವೇ ಗೈಡ್ ಹುಡುಕ್ತೀರಿ, ವಿಷಯನೂ ಮಾತಾಡಿ ನೀವೇ ಆರಿಸ್ಕೋಬಹುದು, ಸ್ವಂತ ಹಣ ತರೋ ಸ್ಟೂಡೆಂಟ್ ಅಂದ್ರೆ ಗೈಡ್‌ಗಳು ಖುಷಿಯಿಂದ ತಗೋತಾರೆ. ಕಾರವಾರದ ಕೋಡಿಬಾಗದಲ್ಲಿ ಕಾಳಿ ನದಿ ಅಳಿವೆ ಪಕ್ಕದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೆರೈನ್ ಜಿಯಾಲಜಿ ಇದೆ, 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜ್ ಇದೆ, ಬೆಂಗಳೂರಿನ ಐಐಎಸ್‌ಸಿಯ ಪರಿಸರ ವಿಜ್ಞಾನ ಕೇಂದ್ರದೋರು ಉತ್ತರ ಕನ್ನಡದ ಅಳಿವೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದಾರೆ.

ಈಗ ದೋಣಿ ಲೆಕ್ಕಕ್ಕೆ ಬನ್ನಿ. ಸಿಎಸ್‌ಐಆರ್ ಫೆಲೋಗೆ ವರ್ಷಕ್ಕೆ ಕಂಟಿಂಜೆನ್ಸಿ, ಅಂದ್ರೆ ರಿಸರ್ಚ್ ಖರ್ಚಿಗೆ ಕೊಡೋ ಹಣ, 20,000 ರೂ. ಅಳಿವೆ ಕೆಲಸಕ್ಕೆ ತಿಂಗಳಿಗೆ ಎರಡು ಸಲನಾದ್ರೂ ನೀರಿಗಿಳೀಬೇಕು, ಹುಣ್ಣಿಮೆ-ಅಮಾವಾಸ್ಯೆಗೆ ಉಬ್ಬರ ಜೋರು, ಅಷ್ಟಮಿ-ನವಮಿಗೆ ಕಮ್ಮಿ, ಎರಡೂ ನೋಡ್ಬೇಕಲ್ಲ. ದೋಣಿ, ದೋಣಿಯೋರ ಕೂಲಿ ಸೇರಿ ದಿನಕ್ಕೆ 1,500 ಅಂತಿಟ್ಕೊಂಡ್ರೂ ವರ್ಷಕ್ಕೆ 36,000 ಆಯ್ತು, ಅಲ್ಲಿಗೆ ಕಂಟಿಂಜೆನ್ಸಿ ಮುಗಿದು ಇನ್ನೂ 16,000 ಕೈಯಿಂದ, ಇನ್ನು ಲ್ಯಾಬ್ ಟೆಸ್ಟ್ ಖರ್ಚು ಲೆಕ್ಕಕ್ಕೇ ತಗೊಂಡಿಲ್ಲ. ಹಾಗಾಗಿ ಜೆಆರ್‌ಎಫ್ ಇರೋರು ಗೈಡ್ ಆರಿಸುವಾಗ ಅವರ ಹತ್ರ ನಡೀತಿರೋ ಪ್ರಾಜೆಕ್ಟ್ ಇದೆಯಾ ಅಂತ ನೋಡಿ. ಊಟ ನಿಮ್ಮ ಫೆಲೋಶಿಪ್‌ದು, ದೋಣಿ ಅವರ ಪ್ರಾಜೆಕ್ಟ್‌ದು, ಈ ಜೋಡಿ ಸಿಕ್ಕಿದ್ರೆ ಬೇರೇನೂ ಬೇಡ.

ಪರೀಕ್ಷೆ ಬಗ್ಗೆ ಒಂದು ಮಾತು. ಕಡಲ ಜೀವಶಾಸ್ತ್ರ ಓದಿದೋರು ಲೈಫ್ ಸೈನ್ಸಸ್ ಪೇಪರ್ ಬರೀತಾರೆ, ಅದ್ರಲ್ಲಿ ಇಕಾಲಜಿ ಒಂದು ಭಾಗ ಅಷ್ಟೇ, ಉಳಿದಿದ್ರಲ್ಲಿ ಹೆಚ್ಚಿನದು ಜೀವಕೋಶ, ಜೀನ್, ಬಯೋಕೆಮಿಸ್ಟ್ರಿ ಕಡೆ. ಇದಕ್ಕೆ ಹೆದರಿ ಬಿಡೋರು ತುಂಬಾ. ಅಂಥೋರು ಯುಜಿಸಿ ನೆಟ್ ಅನ್ನೋ ಇನ್ನೊಂದು ಪರೀಕ್ಷೆಲಿ ಎನ್ವಿರಾನ್‌ಮೆಂಟಲ್ ಸೈನ್ಸಸ್ ಅನ್ನೋ ವಿಷಯ ಇದೆ ನೋಡಿ, ನಿಮ್ಮ ಡಿಗ್ರಿ ಅದಕ್ಕೆ ಹೊಂದತ್ತಾ ಅಂತ ಮೊದಲೇ ಖಚಿತ ಮಾಡ್ಕೊಳ್ಳಿ. ಜಿಯಾಲಜಿ, ಓಷನೋಗ್ರಫಿ ಕಡೆಯೋರಿಗೆ ಸಿಎಸ್‌ಐಆರ್ ನೆಟ್‌ನಲ್ಲೇ ಭೂಮಿ-ವಾತಾವರಣ-ಸಾಗರ ವಿಜ್ಞಾನದ್ದೇ ಬೇರೆ ಪೇಪರ್ ಇದೆ.

ಇನ್‌ಸ್ಪೈರ್ ಫೆಲೋಶಿಪ್ ಬಗ್ಗೆ ಸಣ್ಣ ಊರಿನ ಹುಡುಗ ಹುಡುಗಿಯರಿಗೆ ಸಾಕಷ್ಟು ಗೊತ್ತಿರಲ್ಲ, ಅದೇ ನನಗೆ ಬೇಜಾರು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆದು. ವಿಶ್ವವಿದ್ಯಾಲಯಕ್ಕೆ ಆ ವಿಷಯದಲ್ಲಿ ಮೊದಲ ರ‍್ಯಾಂಕ್ ಬಂದೋರು ಅರ್ಜಿ ಹಾಕ್ಬಹುದು, ದುಡ್ಡು ಜೆಆರ್‌ಎಫ್ ಅಷ್ಟೇ, ನೆಟ್ ಪರೀಕ್ಷೆ ಬೇಡ. ಕಡಲ ಜೀವಶಾಸ್ತ್ರ, ಮೆರೈನ್ ಜಿಯಾಲಜಿ ಥರದ ವಿಭಾಗದಲ್ಲಿ ಕ್ಲಾಸಲ್ಲಿ ಇರೋದೇ ಕೆಲವೇ ಜನ, ಅಲ್ಲಿ ಮೊದಲ ರ‍್ಯಾಂಕ್ ಅನ್ನೋದು ನೂರಾರು ಜನ ಇರೋ ಕೆಮಿಸ್ಟ್ರಿಗಿಂತ ಕೈಗೆ ಹತ್ರ. ಹಾಗಾಗಿ ಎಂಎಸ್ಸಿ ಮೊದಲ ಸೆಮಿಸ್ಟರ್‌ನಲ್ಲೇ ಇದು ಗೊತ್ತಿದ್ರೆ ಓದೋ ರೀತಿನೇ ಬೇರೆ ಆಗತ್ತೆ. ವಯಸ್ಸಿನ ಮಿತಿ ಬಿಗಿ ಇದೆ, ಮಧ್ಯೆ ಎರಡು ಮೂರು ವರ್ಷ ಕೆಲಸ ಮಾಡಿ ಬಂದೋರಿಗೆ ಕಷ್ಟ. ರ‍್ಯಾಂಕ್ ಸರ್ಟಿಫಿಕೇಟ್ ಕೊಡೋಕೆ ಯೂನಿವರ್ಸಿಟಿಗಳು ತಡ ಮಾಡ್ತಾವೆ, ರಿಸಲ್ಟ್ ಬಂದ ವಾರವೇ ಹೋಗಿ ಕೇಳಿ.

ಪಿಎಂಆರ್‌ಎಫ್ ಅಂದ್ರೆ ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್, ದುಡ್ಡಿನ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಮೇಲೆ. 2018ರಲ್ಲಿ ಶುರುವಾದಾಗಿನ ದರ ನೋಡಿದ್ರೆ ಮೊದಲ 2 ವರ್ಷ ತಿಂಗಳಿಗೆ 70,000, ಮೂರನೇ ವರ್ಷ 75,000, ಆಮೇಲಿನ 2 ವರ್ಷ 80,000, ಇದ್ರ ಮೇಲೆ ವರ್ಷಕ್ಕೆ 2 ಲಕ್ಷ ರಿಸರ್ಚ್ ಗ್ರಾಂಟ್. ಆ 2 ಲಕ್ಷ ಇದೆಯಲ್ಲ, ನಮ್ಮಂಥ ಫೀಲ್ಡ್ ಕೆಲಸದೋರಿಗೆ ಸಂಬಳಕ್ಕಿಂತ ಅದೇ ದೊಡ್ಡದು, ಮೇಲೆ ಹೇಳಿದ ದೋಣಿ ಲೆಕ್ಕ ಹಾಕಿದ್ರೆ ವರ್ಷದ ದೋಣಿ, ಲ್ಯಾಬ್ ಎಲ್ಲ ಕಳೆದೂ ಮಿಗತ್ತೆ. ಆದ್ರೆ ಐಐಎಸ್‌ಸಿ, ಐಐಟಿ ಥರದ ಆಯ್ದ ಸಂಸ್ಥೆಗಳಲ್ಲಿ ಪಿಎಚ್‌ಡಿ ಮಾಡೋರಿಗೆ ಮಾತ್ರ, ಸ್ಪರ್ಧೆ ವಿಪರೀತ, ಬೇರೆ ಕಾಲೇಜಲ್ಲಿ ಪಾಠನೂ ಮಾಡ್ಬೇಕು. 2025ರ ಬಜೆಟ್‌ನಲ್ಲಿ ಮುಂದಿನ 5 ವರ್ಷಕ್ಕೆ 10,000 ಫೆಲೋಶಿಪ್ ಅಂತ ಹೇಳಿದಾಗ ಐಐಟಿ, ಐಐಎಸ್‌ಸಿಲಿ ಟೆಕ್ನಾಲಜಿ ರಿಸರ್ಚ್‌ಗೆ ಅಂತಾನೇ ಹೇಳಿದ್ರು, ಹಾಗಾಗಿ ಕರಾವಳಿ ಎಂಜಿನಿಯರಿಂಗ್, ಮಾಡೆಲಿಂಗ್, ರಿಮೋಟ್ ಸೆನ್ಸಿಂಗ್ ಕಡೆಯೋರಿಗೆ ಇದು ಹತ್ರ, ಬಳಚು ಎಣಿಸೋ ನಮ್ಮಂಥೋರಿಗೆ ಸ್ವಲ್ಪ ದೂರ. ಅದೂ ಅಲ್ದೆ ಅಳಿವೆ ಪಕ್ಕದ ಊರಲ್ಲಿ ಕೂತು ಕೆಲಸ ಮಾಡೋ ಮನಸ್ಸಿದ್ದೋರು ಬೆಂಗಳೂರಿಂದ ತಿಂಗಳಿಗೆ ಎರಡು ಸಲ ಓಡಾಡೋದನ್ನೂ ಯೋಚ್ನೆ ಮಾಡಿ.

ಎಸ್‌ಸಿ, ಎಸ್‌ಟಿ, ಒಬಿಸಿ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಫೆಲೋಶಿಪ್‌ಗಳು ಬೇರೆ ಇವೆ, ಕರ್ನಾಟಕದಲ್ಲಿ ಪಿಎಚ್‌ಡಿ ಮಾಡೋರಿಗೆ ರಾಜ್ಯದ ವಿಜ್ಞಾನ-ತಂತ್ರಜ್ಞಾನ ಪ್ರೋತ್ಸಾಹ ಸಂಸ್ಥೆ ಕೆಸ್ಟೆಪ್ಸ್ ಕೊಡೋದೂ ಇದೆ, ಜೆಆರ್‌ಎಫ್ ಕೈ ತಪ್ಪಿದೋರು ಅಲ್ಲಿಗೇ ನಿಲ್ಲಿಸ್ಬೇಡಿ.

ಇನ್ನು ಮುಖಜಭೂಮಿ. ನಮ್ಮ ಪಶ್ಚಿಮಕ್ಕೆ ಹರಿಯೋ ನದಿಗಳು ಗಿಡ್ಡ, ಘಟ್ಟದಿಂದ ಧುಮುಕಿ ಸೀದಾ ಸಮುದ್ರ ಸೇರ್ತಾವೆ, ಹೂಳು ಹರಡಿ ಮುಖಜಭೂಮಿ ಕಟ್ಟಲ್ಲ, ಅಳಿವೆ ಮಾತ್ರ. ನಮ್ಮ ಕಾವೇರಿ, ಕೃಷ್ಣೆಯ ಮುಖಜಭೂಮಿ ನೋಡ್ಬೇಕಂದ್ರೆ ತಮಿಳುನಾಡು, ಆಂಧ್ರಕ್ಕೇ ಹೋಗ್ಬೇಕು. ಕಾವೇರಿ ಕಡೆಯೋರಿಗೆ ಪರಂಗಿಪೇಟೆಯಲ್ಲಿರೋ ಅಣ್ಣಾಮಲೈ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ಕೇಂದ್ರ ಒಳ್ಳೆ ಜಾಗ, ವೆಲ್ಲಾರ್ ಅಳಿವೆ ಪಕ್ಕದಲ್ಲೇ, ಪಿಚಾವರಂ ಕಾಂಡ್ಲ ಕಾಡು ಹತ್ರ. ಜೆಆರ್‌ಎಫ್ ಅಥವಾ ಇನ್‌ಸ್ಪೈರ್ ಇದ್ರೆ ಅದನ್ನ ತಗೊಂಡು ಅಲ್ಲಿಗೆ ಹೋಗ್ಬಹುದು, ಆದ್ರೆ ರಾಜ್ಯ ಸರ್ಕಾರದ ಫೆಲೋಶಿಪ್ ರಾಜ್ಯದ ಗಡಿ ದಾಟಿ ಬರಲ್ಲ ಅನ್ನೋದು ನೆನಪಿರ್ಲಿ. ಕೃಷ್ಣಾ ಮುಖಜಭೂಮಿಗೆ ಹೋಗೋ ಹೂಳು ಅಣೆಕಟ್ಟುಗಳಲ್ಲೇ ನಿಂತು ಹಿಂದಿಗಿಂತ ತುಂಬಾ ಕಮ್ಮಿ ಆಗಿದೆ, ನದಿ ಮೇಲ್ಭಾಗದ ನಮ್ಮೋರು ಕೆಳಭಾಗಕ್ಕೆ ಹೋಗಿ ಇದನ್ನ ಓದ್ಬೇಕು ಅಂತ ನನಗೆ ಬಹಳ ಆಸೆ. ಮೀನುಗಾರರನ್ನ ಮಾತಾಡಿಸೋ ಕೆಲಸ ಇದ್ರೆ ತಮಿಳು ಅಥವಾ ತೆಲುಗು ಬರ್ಲೇಬೇಕು, ಭಾಷೆ ಕಲಿಯೋಕೆ ಆರು ತಿಂಗಳು ಬೇಕು ಅಂತ ಪ್ಲಾನ್‌ನಲ್ಲೇ ಹಾಕ್ಕೊಳ್ಳಿ.

ಹೊರದೇಶದ ಮಾತು. ಎಂಎಸ್ಸಿಗೇ ಹೋಗೋರಿಗೆ ಐಎಂಬಿಆರ್‌ಸೀ ಅಂತ ಒಂದು ಎರಾಸ್ಮಸ್ ಮುಂಡಸ್ (ಯೂರೋಪಿಯನ್ ಒಕ್ಕೂಟ ಹಣ ಕೊಡೋ) ಕೋರ್ಸ್ ಇದೆ, ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯ ನಡೆಸತ್ತೆ, ಕಡಲ ಜೀವ ಸಂಪನ್ಮೂಲದ್ದೇ 2 ವರ್ಷದ ಓದು, ಯೂರೋಪಿನ ಬೇರೆ ಬೇರೆ ಯೂನಿವರ್ಸಿಟಿಲಿ ಸೆಮಿಸ್ಟರ್. ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ಸಿಕ್ಕಿದ್ರೆ ತಿಂಗಳಿಗೆ 1,400 ಯೂರೋ, ಫೀಸ್ ಇಲ್ಲ, ಆದ್ರೆ ವಿಮಾನದ ಟಿಕೆಟ್ಟು, ವೀಸಾ, ಮನೆ ಅಡ್ವಾನ್ಸ್ ಎಲ್ಲ ಅದ್ರಲ್ಲೇ ನಿಭಾಯಿಸ್ಬೇಕು. ಹೊರಡೋಕೆ ಮುಂಚೆ ಕೈಯಲ್ಲಿ ಒಂದು ಗಂಟು ಬೇಕೇ ಬೇಕು. ಸೀಟ್ ಸಿಕ್ಕಿದ್ದೂ ಸ್ಕಾಲರ್‌ಶಿಪ್ ಸಿಕ್ಕಿದ್ದೂ ಒಂದೇ ಅಲ್ಲ, ಬರೀ ಸೀಟ್ ಸಿಕ್ಕಿದ್ರೆ ಸಾಲ ಮಾಡಿ ಹೋಗಿ ಅಂತ ನಾನು ಹೇಳಲ್ಲ. ಎಸ್‌ಸಿ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ಮನೆ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರ್ಬೇಕು, ಮಾಸ್ಟರ್ಸ್‌ಗೂ ಪಿಎಚ್‌ಡಿಗೂ ನಡೆಯತ್ತೆ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆನೂ ವಿಚಾರಿಸಿ.

ಇಲ್ಲೇ ಪಿಎಚ್‌ಡಿ ಮಾಡ್ತಾ ಕೆಲವು ತಿಂಗಳು ಹೊರಗೆ ಕಲಿತು ಬರೋದು ಇನ್ನೊಂದು ದಾರಿ, ನನ್ನ ಪ್ರಕಾರ ಫೀಲ್ಡ್ ಕೆಲಸದೋರಿಗೆ ಇದೇ ಹೆಚ್ಚು ಹೊಂದತ್ತೆ. ಫುಲ್‌ಬ್ರೈಟ್-ನೆಹರು ಡಾಕ್ಟೋರಲ್ ರಿಸರ್ಚ್ ಅಂದ್ರೆ ಅಮೆರಿಕದಲ್ಲಿ 6ರಿಂದ 9 ತಿಂಗಳು, ಪೋಗೋ-ಸ್ಕೋರ್ ಅಂದ್ರೆ ಸಾಗರ ವಿಜ್ಞಾನದೋರಿಗೇ ಇರೋ 1ರಿಂದ 3 ತಿಂಗಳ ಫೆಲೋಶಿಪ್, ಒಂದು ನಿರ್ದಿಷ್ಟ ತಂತ್ರ ಕಲಿಯೋಕೆ. ಹೊರಡೋ ತಿಂಗಳು ಆರಿಸುವಾಗ ನಿಮ್ಮ ಸ್ಯಾಂಪಲ್ ಕ್ಯಾಲೆಂಡರ್ ನೋಡಿ, ಮಧ್ಯೆ ಒಂದು ಮಳೆಗಾಲ ತಪ್ಪಿದ್ರೆ ಪೂರ್ತಿ ವರ್ಷ ಹೋದಂಗೆ. ಸ್ಯಾಂಪಲ್ ಬ್ಯಾಗಲ್ಲಿ ಹಾಕ್ಕೊಂಡು ಹೋಗೋಕೂ ಆಗಲ್ಲ, 2002ರ ಜೀವವೈವಿಧ್ಯ ಕಾಯ್ದೆ ಇದೆ, ಅನುಮತಿಗೆ ಮೊದಲೇ ಅರ್ಜಿ ಹಾಕ್ಬೇಕು, ಅದಕ್ಕೂ ತಿಂಗಳುಗಟ್ಟಲೆ ಹಿಡೀಬಹುದು.

ಈಗಾಗ್ಲೇ ಕ್ಯಾಲಿಫೋರ್ನಿಯಾದಲ್ಲಿ ಓದ್ತಿರೋ ನಮ್ಮೋರು ಡೆಲ್ಟಾ ಸೈನ್ಸ್ ಫೆಲೋಶಿಪ್ ನೋಡಿ. ಸ್ಯಾಕ್ರಮೆಂಟೋ-ಸ್ಯಾನ್ ವಾಕೀನ್ ಮುಖಜಭೂಮಿ ಮೇಲೆ ಕೆಲಸ ಮಾಡೋ ವಿದ್ಯಾರ್ಥಿಗಳಿಗೆ ಕ್ಯಾಲಿಫೋರ್ನಿಯಾ ಸೀ ಗ್ರಾಂಟ್ ಅನ್ನೋ ಕಡಲ ಸಂಶೋಧನಾ ಕಾರ್ಯಕ್ರಮ ಮತ್ತೆ ಅಲ್ಲಿನ ಡೆಲ್ಟಾ ಕೌನ್ಸಿಲ್ ಸೇರಿ ಕೊಡೋದು. ಅದ್ರಲ್ಲಿ ನನಗೆ ಇಷ್ಟ ಆಗೋದು ಯೂನಿವರ್ಸಿಟಿ ಗೈಡ್ ಜೊತೆ ಹೊರಗಿನ ಒಬ್ಬ ಮಾರ್ಗದರ್ಶಿನೂ ಇರ್ಬೇಕು ಅನ್ನೋ ನಿಯಮ, ಅಂದ್ರೆ ಆ ನೀರನ್ನ ದಿನಾ ನೋಡ್ಕೊಳ್ಳೋ ಇಲಾಖೆ, ಸಂಸ್ಥೆಯೋರು. ನಮ್ಮಲ್ಲೂ ಹೀಗೊಂದು ಬಂದ್ರೆ ಗಜನಿಲಿ (ಅಳಿವೆ ಅಂಚಿನ ಉಪ್ಪುನೀರಿನ ಗದ್ದೆ) ಕಗ್ಗ ಅನ್ನೋ ಉಪ್ಪು ತಡೆಯೋ ಭತ್ತ ಬೆಳೆಯೋರು, ಬಳಚು ಆರಿಸೋ ಹೆಂಗಸರು ರಿಸರ್ಚಿನ ಒಳಗೆ ಬರ್ತಾರೆ.

ರಫರ್ಡ್ ಗ್ರಾಂಟ್ ಬಗ್ಗೆ ಕೇಳೋರು ತುಂಬಾ. ಬ್ರಿಟನ್ನಿನ ಸಂಸ್ಥೆ, ಹೊಸಬರಿಗೆ ಮೊದಲ ಗ್ರಾಂಟ್ ಅಂತ ಕೆಲವು ಸಾವಿರ ಪೌಂಡ್ ಕೊಡತ್ತೆ, ಚೆನ್ನಾಗಿ ಮಾಡಿದ್ರೆ ಮುಂದಿನ ಹಂತ. ಇದು ಸಂಬಳ ಅಲ್ಲ, ಫೀಲ್ಡ್ ಹಣ. ಬರೀ ಕುತೂಹಲದ ರಿಸರ್ಚ್‌ಗೆ ಕೊಡಲ್ಲ, ಸಂರಕ್ಷಣೆಗೆ ಏನು ಉಪಯೋಗ ಅಂತ ತೋರಿಸ್ಬೇಕು. ಊಟಕ್ಕೆ ಬೇರೆ ದಾರಿ ಇದ್ದು ದೋಣಿಗೆ ಮಾತ್ರ ಹಣ ಇಲ್ದೋರಿಗೆ ಇದಕ್ಕಿಂತ ಸರಿಯಾದ್ದು ಇಲ್ಲ.

ಮೊನ್ನೆ ಕೇಳಿದ ಮೂರು ಜನಕ್ಕೆ ಏನು ಹೇಳ್ದೆ ಅಂತ ಬರೀತೀನಿ, ನಿಮ್ಮ ಪರಿಸ್ಥಿತಿ ಯಾವುದಕ್ಕೆ ಹತ್ರ ನೋಡ್ಕೊಳ್ಳಿ. ಒಬ್ಬಳು ಡಿಗ್ರಿ ಎರಡನೇ ವರ್ಷ, ಅಪ್ಪ ಮೀನುಗಾರರು, ಅವಳಿಗೆ ಸಮ್ಮರ್ ಫೆಲೋಶಿಪ್‌ನಲ್ಲಿ ಉಪಗ್ರಹ ಚಿತ್ರದ ಕೆಲಸ ಕಲಿ, ಎಂಎಸ್ಸಿಲಿ ರ‍್ಯಾಂಕ್ ಕಡೆ ಕಣ್ಣಿಡು ಅಂದೆ. ಇನ್ನೊಬ್ಬನಿಗೆ ಎಂಎಸ್ಸಿ ಮುಗಿದಿದೆ, ನೆಟ್ ಎರಡು ಸಲ ಹೋಗಿದೆ, ಮನೆಗೆ ದುಡ್ಡು ಕಳಿಸ್ಲೇಬೇಕು. ಅವನು ಪ್ರಾಜೆಕ್ಟ್‌ಗೆ ಸೇರ್ಲಿ, ಆದ್ರೆ ಕಮ್ಮಿ ಅಂದ್ರೆ 18 ತಿಂಗಳು ಉಳಿದಿರೋ ಪ್ರಾಜೆಕ್ಟ್‌ಗೆ ಮಾತ್ರ, ಸಂಜೆ ಓದಿ ನೆಟ್ ಮತ್ತೆ ಬರೀಲಿ. ಮೂರನೇಯವಳು ಜೆಆರ್‌ಎಫ್ ಆಗಿದಾಳೆ, ಯೂರೋಪಿಗೆ ಹೋಗ್ಲಾ ಇಲ್ಲೇ ಇರ್ಲಾ ಅಂತ ನಿದ್ದೆಗೆಟ್ಟಿದಾಳೆ. ಅವಳ ಪ್ರಶ್ನೆ ಶರಾವತಿ ಮತ್ತೆ ಅಘನಾಶಿನಿ ಬಗ್ಗೆ. ಶರಾವತಿಗೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ, ಕರೆಂಟ್ ತೆಗೆದು ಬಿಟ್ಟ ಸಿಹಿನೀರು ಬೇಸಿಗೇಲೂ ಹೊನ್ನಾವರದ ಕಡೆ ಹರಿಯತ್ತೆ, ಉಪ್ಪು ಕಮ್ಮಿ, ಬಳಚೂ ಕಮ್ಮಿ. ಪಕ್ಕದ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಬಳಚು ರಾಶಿ ರಾಶಿ, 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಈ ಎರಡು ಅಳಿವೆನ ಎರಡು ವರ್ಷ ಪಕ್ಕಪಕ್ಕ ಇಟ್ಟು ನೋಡೋ ಕೆಲಸಕ್ಕೆ ಘೆಂಟ್‌ನಲ್ಲಿ ಕೂತು ಆಗಲ್ಲ, ಜೆಆರ್‌ಎಫ್ ಇಟ್ಕೊಂಡು ಇಲ್ಲೇ ಇರು, ದೋಣಿಗೆ ರಫರ್ಡ್ ಬರಿ, ಮೂರನೇ ವರ್ಷ ಬೇಕಾದ್ರೆ ಆರು ತಿಂಗಳು ಹೊರಗೆ ಹೋಗಿ ಬಾ ಅಂದೆ.

ಅವಳು ಈಗ ಕುಮಟಾದಲ್ಲಿ ಬಾಡಿಗೆ ರೂಮ್ ಹುಡುಕ್ತಿದಾಳೆ. ದೋಣಿಯೋರ ಹತ್ರ ನಾನೇ ಮಾತಾಡಿ ಕೊಟ್ಟಿದೀನಿ.